ಲ್ಯಾಂಟರ್ನ್: ಮೂಕಿ ಕಾಲದ ಚಿತ್ರಕರ್ಮಿಗಳ ಜಾಡು ಹಿಡಿಯುವವರಿಗೆ ಒಂದು ಉಚಿತ ಹುಡುಕುತಾಣ

ಮೂಕಿ ಕಾಲದಲ್ಲಿ ದುಡಿದ ಒಬ್ಬ ಕ್ಯಾಮೆರಾಮನ್ ಯಾವ ವರ್ಷ ಯಾವ ಕಂಪನಿಯಲ್ಲಿದ್ದರು ಎಂದು ತಿಳಿಯಲು ಹೊರಟರೆ ಚಿತ್ರಗಳಿಂದ ಹೆಚ್ಚು ಸಹಾಯ ಸಿಗುವುದಿಲ್ಲ. 1910ರ ಹಿಂದಿನ ಅಮೆರಿಕನ್ ಚಿತ್ರಗಳಲ್ಲಿ ಕೆಲಸ ಮಾಡಿದವರ ಹೆಸರು ಕಾಣುವುದೇ ಅಪರೂಪ. ಚಿತ್ರಗಳಲ್ಲೂ ಬಹುಪಾಲು ನಾಶವಾಗಿವೆ. ಉಳಿದಿರುವುದು ಆ ಉದ್ಯಮದವರು ತಮ್ಮವರಿಗಾಗಿ ಅಚ್ಚು ಹಾಕುತ್ತಿದ್ದ ಪತ್ರಿಕೆಗಳು. ಅವುಗಳ ಒಳಗೆ ಪದ ಹಾಕಿ ಹುಡುಕಲು ಇರುವ ತಾಣವೇ ಲ್ಯಾಂಟರ್ನ್. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯ ಭಾಗವಾಗಿ ಇದು 2013ರಲ್ಲಿ ಶುರುವಾಯಿತು. ಖಾತೆ ಬೇಡ, ಶುಲ್ಕವಿಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪತ್ರಿಕೆಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪುಟಗಳು ಇದರಲ್ಲಿವೆ. ಸ್ಕ್ಯಾನ್ ಮಾಡಿದ ಸಂಪುಟಗಳು ಇರುವುದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಸಂಗ್ರಹದಲ್ಲಿ. ಲ್ಯಾಂಟರ್ನ್ ಅವುಗಳ ಪುಟಪುಟವನ್ನೂ ಬೇರೆಬೇರೆಯಾಗಿ ಸೂಚಿ ಮಾಡಿಟ್ಟಿದೆ.

ಈ ಪುಟವಾರು ಸೂಚಿಯೇ ಇದರ ದೊಡ್ಡ ಗುಣ. ಮೂವಿಂಗ್ ಪಿಕ್ಚರ್ ವರ್ಲ್ಡ್ ಪತ್ರಿಕೆಯ ಅರ್ಧ ವರ್ಷದ ಒಂದು ಕಟ್ಟಿನಲ್ಲಿ ಸಾವಿರಕ್ಕೂ ಮೀರಿದ ಪುಟಗಳಿರುತ್ತವೆ. ಹೆಸರು ಹಾಕಿದ ಕೂಡಲೇ ಅದು ಬಂದಿರುವ ಪುಟವೇ ತೆರೆದುಕೊಳ್ಳುವುದರಿಂದ, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿ ಗುಂಡಿ ಒತ್ತಿದವರಿಗೆ ಇದರ ಕಾಲುಭಾಗ ಪ್ರಯೋಜನವೂ ಆಗುವುದಿಲ್ಲ. ಯಾವ ಹೆಸರಿನಿಂದ ಹುಡುಕಬೇಕು ಎಂಬಲ್ಲಿಯೇ ಅರ್ಧ ವಿದ್ಯೆ ಇದೆ.

ಆ ಕಾಲದ ಒಬ್ಬ ವ್ಯಕ್ತಿ ನಾಲ್ಕೈದು ರೂಪಗಳಲ್ಲಿ ಅಚ್ಚಾಗಿರುತ್ತಾರೆ. ಬಯೋಗ್ರಾಫ್ ಕಂಪನಿಯ ಹೆಸರಾಂತ ಕ್ಯಾಮೆರಾಮನ್ ಬಿಲ್ಲಿ ಬಿಟ್ಜರ್ ಅವರನ್ನು ‘ಬಿಲ್ಲಿ’ ಎಂದು ಹುಡುಕಿದರೆ ಕೆಲವು ಪುಟಗಳು, ‘ಜಿ. ಡಬ್ಲ್ಯೂ. ಬಿಟ್ಜರ್’ ಎಂದರೆ ಬೇರೆ ಪುಟಗಳು ಬರುತ್ತವೆ. ಅಲೀಸ್ ಗೀ ಅವರದು ಇನ್ನೂ ಸ್ಪಷ್ಟವಾದ ಉದಾಹರಣೆ. ಪ್ಯಾರಿಸ್‌ನ ಗೋಮೋಂ ಕಂಪನಿಯಲ್ಲಿ ಕಾರ್ಯದರ್ಶಿಯಾಗಿ ಸೇರಿ ಅಲ್ಲಿಯೇ ನಿರ್ದೇಶಕಿಯಾದವರು ಅವರು. 1907ರಲ್ಲಿ ಅಮೆರಿಕಕ್ಕೆ ಬಂದು, 1910ರಲ್ಲಿ ಸೊಲಾಕ್ಸ್ ಎಂಬ ಸ್ವಂತ ಕಂಪನಿ ಕಟ್ಟಿದರು. ಅಮೆರಿಕದ ಪತ್ರಿಕೆಗಳಲ್ಲಿ ಅವರು ಬಹುಮಟ್ಟಿಗೆ ‘ಮದಾಮ್ ಬ್ಲಾಶೆ’, ಗಂಡನ ಮನೆತನದ ಹೆಸರಿನಲ್ಲಿ. ‘ಅಲೀಸ್ ಗೀ’ ಎಂದು ಮಾತ್ರ ಹುಡುಕಿದವರು ಅವರ ಅಮೆರಿಕದ ವೃತ್ತಿಜೀವನವನ್ನೇ ಕಳೆದುಕೊಳ್ಳುತ್ತಾರೆ. ನಿರ್ದೇಶಕಿ ಲೋಯಿಸ್ ವೆಬರ್ ಅವರನ್ನು ಪತಿಯ ಜೊತೆ ಸೇರಿಸಿ ‘ದ ಸ್ಮಾಲೀಸ್’ ಎಂದು ಬರೆದ ಸುದ್ದಿಗಳಿವೆ. ಮಹಿಳೆಯರ ವಿಷಯದಲ್ಲಿ ಹುಟ್ಟಿದ ಹೆಸರು, ಗಂಡನ ಮನೆತನದ ಹೆಸರು, ಪರದೆಯ ಹೆಸರು ಮೂರನ್ನೂ ಪಟ್ಟಿ ಮಾಡಿಕೊಂಡು ಕೂರುವುದು ಕ್ಷೇಮ.

ಹೆಸರೇ ಇಲ್ಲದ ಕಾಲಕ್ಕೆ ಬೇರೆ ಉಪಾಯ ಬೇಕು. ಬಯೋಗ್ರಾಫ್ ತನ್ನ ನಟನಟಿಯರ ಹೆಸರನ್ನು ಬಹುಕಾಲ ಬಹಿರಂಗಪಡಿಸಲಿಲ್ಲ. ಅಲ್ಲಿನ ನಟಿ ಫ್ಲಾರೆನ್ಸ್ ಲಾರೆನ್ಸ್ ಪ್ರೇಕ್ಷಕರಿಗೆ ‘ಬಯೋಗ್ರಾಫ್ ಗರ್ಲ್’ ಮಾತ್ರ. ಕಾರ್ಲ್ ಲೆಮ್ಲಿ ಅವರ ಐಎಂಪಿ ಕಂಪನಿಗೆ ಲಾರೆನ್ಸ್ ಹೋದ ಮೇಲೆ, ಅವರ ಸಾವಿನ ಸುಳ್ಳು ಸುದ್ದಿಯನ್ನು ಅಲ್ಲಗಳೆಯುವ ಜಾಹೀರಾತು 1910ರ ಮಾರ್ಚ್‌ನಲ್ಲಿ ಮೂವಿಂಗ್ ಪಿಕ್ಚರ್ ವರ್ಲ್ಡ್‌ನಲ್ಲಿ ಬಂತು. ಹಾಗಾಗಿ ಅವರ ಹೆಸರಿನ ಹುಡುಕಾಟ 1908ಕ್ಕೆ ಬಡವಾಗಿಯೂ 1910ರಿಂದ ಮುಂದಕ್ಕೆ ತುಂಬಿಯೂ ಕಾಣುತ್ತದೆ. ಇದನ್ನು ನೋಡಿ 1908ರಲ್ಲಿ ಅವರಿಗೆ ಕೆಲಸವಿರಲಿಲ್ಲ ಎಂದುಕೊಂಡರೆ ತಪ್ಪು. ಆಗ ಅವರು ವಾರವಾರವೂ ಪರದೆಯ ಮೇಲಿದ್ದರು. ಅಡ್ಡಹೆಸರಿನಿಂದ ಹುಡುಕಬಹುದು, ಆದರೆ ಅಲ್ಲೂ ಎಚ್ಚರ ಬೇಕು: ಅವರು ಬಿಟ್ಟುಹೋದ ಮೇಲೆ ಅದೇ ‘ಬಯೋಗ್ರಾಫ್ ಗರ್ಲ್’ ಹೆಸರು ಮೇರಿ ಪಿಕ್‌ಫರ್ಡ್ ಅವರಿಗೂ ಅಂಟಿತು. ಪುಟದ ತಾರೀಕು ನೋಡದೆ ವ್ಯಕ್ತಿಯನ್ನು ನಿರ್ಧರಿಸುವಂತಿಲ್ಲ.

ತಾರೀಕಿನ ಮಾತು ಬಂದಾಗ ತಾಣದ ಒಂದು ಕುಂದನ್ನು ಹೇಳಲೇಬೇಕು. ಫಲಿತಾಂಶದಲ್ಲಿ ತೋರಿಸುವ ಕಾಲ ಅನೇಕ ಕಡೆ ಸಂಚಿಕೆಯದಲ್ಲ, ಇಡೀ ಕಟ್ಟಿನದು: ಜನವರಿಯಿಂದ ಜೂನ್‌ವರೆಗೆ ಅಥವಾ ಬರೀ ವರ್ಷ. ವರ್ಷದ ಮಿತಿ ಹಾಕಿ ಹುಡುಕುವಾಗ ಬೇಕಾದ ಅವಧಿಗಿಂತ ಹಿಂದೆ ಮುಂದೆ ಒಂದೊಂದು ವರ್ಷ ಸೇರಿಸಿಕೊಳ್ಳಿ. ನಿಜವಾದ ತಾರೀಕಿಗೆ ಪುಟದ ತಲೆಯನ್ನು ಓದಬೇಕು. ಅಲ್ಲಿಲ್ಲದಿದ್ದರೆ ಹಿಂದಕ್ಕೆ ತಿರುವುತ್ತಾ ಸಂಚಿಕೆಯ ಮೊದಲ ಪುಟ ತಲುಪಬೇಕು. ಪುಟದ ಮೇಲೆ ಅಚ್ಚಾದ ಸಂಖ್ಯೆಯೂ ಸ್ಕ್ಯಾನ್‌ನ ಚಿತ್ರಸಂಖ್ಯೆಯೂ ಒಂದೇ ಅಲ್ಲ. ಟಿಪ್ಪಣಿಯಲ್ಲಿ ಎರಡನ್ನೂ ಬರೆದಿಟ್ಟುಕೊಳ್ಳದಿದ್ದರೆ ತಿಂಗಳ ಮೇಲೆ ಅದೇ ಪುಟಕ್ಕೆ ಮರಳುವುದು ಕಷ್ಟ.

ಪತ್ರಿಕೆಯ ಹೆಸರಿನ ಮಿತಿಯನ್ನಂತೂ ಮೊದಲ ಸುತ್ತಿನಲ್ಲಿ ಹಾಕಲೇಬೇಡಿ. ಈ ಪತ್ರಿಕೆಗಳು ಒಂದನ್ನೊಂದು ನುಂಗುತ್ತಾ ಬೆಳೆದವು. ನಿಕಲೋಡಿಯನ್ ಎಂಬುದು 1911ರಲ್ಲಿ ಮೋಟೋಗ್ರಫಿಯಾಯಿತು, ಅದು 1918ರಲ್ಲಿ ಎಕ್ಸಿಬಿಟರ್ಸ್ ಹೆರಾಲ್ಡ್‌ಗೆ ಸೇರಿತು. ಮೂವಿಂಗ್ ಪಿಕ್ಚರ್ ವರ್ಲ್ಡ್ ಕೂಡ ಕೊನೆಗೆ ಸೇರಿದ್ದು ಅದೇ ಹೆರಾಲ್ಡ್‌ಗೆ. ಒಂದು ಹೆಸರಿಗೆ ಕಟ್ಟಿಕೊಂಡರೆ ಒಬ್ಬರ ವೃತ್ತಿಜೀವನ ನಡುದಾರಿಯಲ್ಲಿ ನಿಂತಂತೆ ಕಾಣುತ್ತದೆ.

ಎರಡನೆಯ ಕುಂದು ಅಕ್ಷರ ಗುರುತಿಸುವ ಯಂತ್ರದ್ದು. ಸಣ್ಣ ಅಚ್ಚು, ಒತ್ತೊತ್ತಾದ ಕಾಲಂ, ಮಾಸಿದ ಮಸಿ, ಮೈಕ್ರೋಫಿಲ್ಮ್‌ನಿಂದ ತೆಗೆದ ನಕಲು, ಎಲ್ಲ ಸೇರಿ ಹೆಸರುಗಳು ವಿಕಾರವಾಗುತ್ತವೆ. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಕೂಡಿಕೊಂಡು ‘ಎಂ’ ಆಗುವುದು, ‘ಸಿ’ ಹೋಗಿ ‘ಇ’ ಆಗುವುದು, ಫ್ರೆಂಚ್ ಹೆಸರಿನಲ್ಲಿ ಮೇಲೆ ಗೆರೆಯಿರುವ ಅಕ್ಷರ ಅಂಕಿಯಾಗಿ ಮಾರ್ಪಡುವುದು ಸಾಮಾನ್ಯ. ಸಾಲಿನ ಕೊನೆಯಲ್ಲಿ ಮುರಿದ ಹೆಸರು ಎರಡು ಚೂರಾಗಿ ಸೂಚಿಗೆ ಹೋಗಿರುತ್ತದೆ. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದಾಗ ಇಂಥ ಪುಟಗಳೆಲ್ಲ ತಪ್ಪಿಹೋಗುತ್ತವೆ. ಆದ್ದರಿಂದ ಮೊದಲು ಚಿಹ್ನೆಯೊಳಗೆ ಪೂರ್ತಿ ಹೆಸರು, ಆಮೇಲೆ ಮನೆತನದ ಹೆಸರು ಮತ್ತು ಕಂಪನಿಯ ಹೆಸರು ಜೋಡಿಸಿ, ಕೊನೆಗೆ ಆ ವ್ಯಕ್ತಿ ಕೆಲಸ ಮಾಡಿದ ಚಿತ್ರದ ಶೀರ್ಷಿಕೆ ಮಾತ್ರ ಹಾಕಿ ಹುಡುಕಿ. ಮೂರನೆಯ ಸುತ್ತಿನಲ್ಲಿ ಸಿಗುವ ಪುಟಗಳು ಕಡಿಮೆ, ಆದರೆ ಬೇರೆಲ್ಲೂ ಸಿಗದಂಥವು. ಒಂದು ಸಂಪುಟದಲ್ಲಿಯೇ ಹೆಚ್ಚು ಕೆಲಸವಿದ್ದರೆ ಇಂಟರ್ನೆಟ್ ಆರ್ಕೈವ್‌ನಿಂದ ಅದರ ಪಠ್ಯದ ಕಡತವನ್ನು ಇಳಿಸಿಕೊಂಡು, ಹೆಸರಿನ ನಾಲ್ಕು ಅಕ್ಷರದ ತುಣುಕಿನಿಂದ ಹುಡುಕುವುದು ವೇಗದ ದಾರಿ.

ಇಷ್ಟೆಲ್ಲ ಕಷ್ಟಕ್ಕೆ ಫಲ ಏನು? ಎರಡು ಬಗೆಯ ಪುಟಗಳಿಗಾಗಿಯೇ ಲ್ಯಾಂಟರ್ನ್ ಬಳಸಬೇಕು ಎಂದು ಧೈರ್ಯವಾಗಿ ಹೇಳಬಹುದು.

ಮೊದಲನೆಯದು ಮೋಷನ್ ಪಿಕ್ಚರ್ ನ್ಯೂಸ್ ಪತ್ರಿಕೆ 1916ರಿಂದ ಕೆಲವು ವರ್ಷ ತಂದ ಸ್ಟುಡಿಯೋ ಡೈರೆಕ್ಟರಿ. ಇದು ಕೆಲಸಕ್ಕೆ ಜನ ತೆಗೆದುಕೊಳ್ಳುವವರ ಕೈಪಿಡಿ. ನಟನಟಿಯರು, ನಿರ್ದೇಶಕರು, ಕಥೆ ಬರೆಯುವವರು, ಕ್ಯಾಮೆರಾಮನ್‌ಗಳು ವಿಭಾಗವಾರಾಗಿ ಬರುತ್ತಾರೆ. ಒಂದೊಂದು ನಮೂದಿನಲ್ಲೂ ಹುಟ್ಟಿದ ಊರು, ಓದು, ರಂಗಭೂಮಿಯ ಅನುಭವ, ನಂತರ ಪರದೆಯ ಕೆಲಸ ಕಂಪನಿವಾರು, ನಟರಾದರೆ ಎತ್ತರ, ತೂಕ, ಕೂದಲು ಮತ್ತು ಕಣ್ಣಿನ ಬಣ್ಣ, ಕೊನೆಗೆ ವಿಳಾಸ. ಎತ್ತರ, ತೂಕದ ಪದಗಳನ್ನು ಸ್ವರ ತೆಗೆದು ಮೊಟಕಾಗಿ ಅಚ್ಚು ಮಾಡಿದ್ದಾರೆ. ಅದನ್ನು ತಿಳಿದಿದ್ದರೆ ಡೈರೆಕ್ಟರಿಯ ಪುಟಗಳನ್ನು ಹುಡುಕಿ ಬೇರ್ಪಡಿಸಬಹುದು. ಒಂದೇ ವ್ಯಕ್ತಿಯ ನಮೂದನ್ನು ಬೇರೆಬೇರೆ ವರ್ಷದ ಆವೃತ್ತಿಗಳಲ್ಲಿ ಪಕ್ಕಪಕ್ಕ ಇಟ್ಟು ಓದಿದರೆ ಯಾವ ಕಂಪನಿ ಸೇರಿತು, ಯಾವುದು ಬಿಟ್ಟುಹೋಯಿತು, ರಂಗಭೂಮಿಯ ವಿವರ ಹೇಗೆ ಕುಗ್ಗಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ವಿವರ ಕೆಲಸ ಬಯಸುವವರ ಕಡೆಯಿಂದಲೇ ಬಂದದ್ದು. ಆದ್ದರಿಂದ ವಯಸ್ಸನ್ನು ಹಾಗೇ ನಂಬಬೇಡಿ, ಕಂಪನಿಗಳ ಅನುಕ್ರಮವನ್ನು ಬಹುಮಟ್ಟಿಗೆ ನಂಬಿ.

ಎರಡನೆಯದು ಅಮೆರಿಕನ್ ಸಿನೆಮಟೋಗ್ರಾಫರ್. 1919ರಲ್ಲಿ ಸ್ಥಾಪನೆಯಾದ ಕ್ಯಾಮೆರಾಮನ್‌ಗಳ ಸಂಘ 1920ರಲ್ಲಿ ಶುರುಮಾಡಿದ ಪತ್ರಿಕೆ ಇದು. ಆರಂಭದ ವರ್ಷಗಳ ಸಂಚಿಕೆಗಳಲ್ಲಿ ಸದಸ್ಯರ ಪಟ್ಟಿ ಇರುತ್ತದೆ, ಹೆಸರಿನ ಮುಂದೆ ಸದ್ಯ ಯಾವ ಸ್ಟುಡಿಯೋ ಅಥವಾ ಯಾವ ತಾರೆಯ ಜೊತೆ ಕೆಲಸ ಎಂದು ಒಂದು ಸಾಲು. ಆ ಸಾಲನ್ನು ಸಂಚಿಕೆಯಿಂದ ಸಂಚಿಕೆಗೆ ಒಂದು ತಖ್ತೆಯಲ್ಲಿ ಇಳಿಸಿಕೊಂಡು ಹೋದರೆ ಸಾಕು, ಚಿತ್ರಗಳು ನಾಶವಾಗಿದ್ದರೂ ಒಬ್ಬ ಕ್ಯಾಮೆರಾಮನ್‌ನ ಐದಾರು ವರ್ಷದ ದುಡಿಮೆ ತಿಂಗಳ ಲೆಕ್ಕದಲ್ಲಿ ನಿಲ್ಲುತ್ತದೆ. ಹೆಸರು ಇದ್ದು ಸ್ಟುಡಿಯೋ ಇಲ್ಲದ ಸಂಚಿಕೆಯನ್ನೂ ಗುರುತು ಹಾಕಿಕೊಳ್ಳಿ. ಕೆಲಸವಿಲ್ಲದ ತಿಂಗಳುಗಳ ಸುಳಿವು ಸಿಗುವುದು ಅಲ್ಲಿಯೇ.

ವಾರಪತ್ರಿಕೆಗಳ ಸುದ್ದಿಯನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವಂತಿಲ್ಲ. ಇಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ ಎಂಬ ಸುದ್ದಿ ಬಹಳ ಸಲ ಕಂಪನಿಯ ಪ್ರಚಾರ ವಿಭಾಗವೇ ಬರೆದು ಕಳಿಸಿದ್ದು. ಒಪ್ಪಂದ ಮುರಿದಿರಬಹುದು, ಚಿತ್ರ ತಯಾರಾಗದೆಯೂ ಇರಬಹುದು. ಸುದ್ದಿ ಸಿಕ್ಕ ಮೇಲೆ ಬಿಡುಗಡೆಯ ಪಟ್ಟಿ, ಆಮೇಲೆ ವಿಮರ್ಶೆ, ಈ ಮೂರೂ ಹೊಂದಿದರೆ ಮಾತ್ರ ಆ ಚಿತ್ರವನ್ನು ವ್ಯಕ್ತಿಯ ಲೆಕ್ಕಕ್ಕೆ ಸೇರಿಸಿ. ಬಿಡುಗಡೆಯ ಪಟ್ಟಿ ಮತ್ತು ಜಾಹೀರಾತಿನಲ್ಲಿ ಚಿತ್ರದ ಉದ್ದ ಅಡಿಗಳಲ್ಲಿರುತ್ತದೆ, ಅದನ್ನು ಕಡೆಗಣಿಸಬೇಡಿ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಕ್ಯಾಮೆರಾದ ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ, ಸುತ್ತಿಗೆ 8 ಚೌಕಟ್ಟಿನಂತೆ, ಸೆಕೆಂಡಿಗೆ ಒಂದು ಅಡಿ. 1000 ಅಡಿಯ ಒಂದು ರೀಲ್ ಅದೇ ವೇಗದಲ್ಲಿ ಓಡಿದರೆ ಸುಮಾರು ಹದಿನೇಳು ನಿಮಿಷ. ಒಂದೇ ರೀಲಿನಲ್ಲಿ ಎರಡು ಹಾಸ್ಯಚಿತ್ರ ಹಾಕಿ ಮಾರುತ್ತಿದ್ದುದೂ ಉಂಟು. ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಬಯೋಗ್ರಾಫ್‌ನಲ್ಲಿ 1908ರಿಂದ 1913ರ ಒಳಗೆ ನಾನೂರಕ್ಕೂ ಮಿಕ್ಕಿ ಚಿತ್ರ ಮಾಡಿದರು ಎಂಬ ಮಾತಿನ ತೂಕ ಈ ಅಡಿಲೆಕ್ಕ ಗೊತ್ತಿದ್ದರೆ ಸರಿಯಾಗಿ ಅರ್ಥವಾಗುತ್ತದೆ. ಅವುಗಳಲ್ಲಿ ಬಹುಪಾಲು ಒಂದು ರೀಲಿನವು.

ಲ್ಯಾಂಟರ್ನ್ ಒಂದನ್ನೇ ನೆಚ್ಚಿಕೊಳ್ಳಬಾರದ ಜಾಗವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಮೆನ್ ಫಿಲ್ಮ್ ಪಯೋನಿಯರ್ಸ್ ಪ್ರಾಜೆಕ್ಟ್ ಕೂಡ 2013ರಲ್ಲಿ ಆರಂಭವಾದ ಉಚಿತ ತಾಣ. ಮೂಕಿ ಕಾಲದ ನಿರ್ದೇಶಕಿಯರು, ಲೇಖಕಿಯರು, ನಿರ್ಮಾಪಕಿಯರು, ಸಂಕಲನಕಾರ್ತಿಯರ ಬಗ್ಗೆ ಸಂಶೋಧಕರೇ ಬರೆದ ಲೇಖನಗಳು ಅಲ್ಲಿವೆ. ಪ್ರತಿ ಲೇಖನದ ಕೆಳಗೆ ಉಳಿದಿರುವ ಚಿತ್ರಗಳು ಮತ್ತು ಉಳಿಯದ ಚಿತ್ರಗಳು ಎಂದು ಪಟ್ಟಿಯನ್ನು ಎರಡಾಗಿ ಒಡೆದಿದ್ದಾರೆ. ಉಳಿದವು ಯಾವ ಸಂಗ್ರಹಾಲಯದಲ್ಲಿವೆ ಎಂಬ ಸಂಕೇತವೂ ಇದೆ. ಮಹಿಳೆಯರ ವೃತ್ತಿಜೀವನದ ಹುಡುಕಾಟವಾದರೆ ಮೊದಲು ಇಲ್ಲಿ ಓದಿ, ಹೆಸರಿನ ರೂಪಗಳನ್ನು ಇಲ್ಲಿಂದಲೇ ಬರೆದುಕೊಂಡು, ಆಮೇಲೆ ಲ್ಯಾಂಟರ್ನ್‌ಗೆ ಹೋಗುವುದು ಸರಿಯಾದ ಕ್ರಮ. ಚಿತ್ರದ ಕಡೆಯಿಂದ ಶುರುಮಾಡುವವರಿಗೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕ್ಯಾಟಲಾಗ್ ಒಳ್ಳೆಯದು. 1893ರಿಂದ 1910ರವರೆಗಿನ ಕಿರುಚಿತ್ರಗಳೂ ಅದರಲ್ಲಿವೆ.

ಇನ್ನು ಈ ಯಾವ ತಾಣದಲ್ಲೂ ಸುಲಭಕ್ಕೆ ಕಾಣದವರು ಲ್ಯಾಬೊರೇಟರಿಯ ಕೆಲಸದವರು. ಫಿಲ್ಮಿಗೆ ತೂತು ಹೊಡೆದವರು, ತೊಳೆದವರು, ತುಂಡುಗಳನ್ನು ಅಂಟಿಸಿದವರು, ಚೌಕಟ್ಟು ಚೌಕಟ್ಟಿಗೂ ಕುಂಚದಿಂದ ಬಣ್ಣ ತುಂಬಿದವರು. ಇವರಲ್ಲಿ ಹೆಂಗಸರೇ ಬಹಳ. ಪತ್ರಿಕೆಗಳು ಇವರನ್ನು ‘ಗರ್ಲ್ಸ್’ ಎಂದು ಗುಂಪಾಗಿ ಕರೆದು ಮುಂದೆ ಹೋಗುತ್ತವೆ. ಇವರನ್ನು ಹುಡುಕುವುದಿದ್ದರೆ ವ್ಯಕ್ತಿಯ ಹೆಸರು ಬಿಟ್ಟು ಕೆಲಸದ ಹೆಸರು ಹಾಕಿ: ‘ಜಾಯ್ನಿಂಗ್ ರೂಮ್’, ‘ಪರ್ಫೊರೇಟಿಂಗ್’, ‘ಅಸೆಂಬ್ಲಿಂಗ್’, ಜೊತೆಗೆ ಕಂಪನಿಯ ಹೆಸರು. ಹೊಸ ಸ್ಟುಡಿಯೋ ಕಟ್ಟಡದ ಬಗ್ಗೆ ಬಂದ ಸಚಿತ್ರ ಲೇಖನಗಳು ಆಗ ಮೇಲೆ ಬರುತ್ತವೆ. ಅವುಗಳ ಫೋಟೋಗಳಲ್ಲಿ ಸಾಲಾಗಿ ಮೇಜಿನ ಮುಂದೆ ಕುಳಿತವರು ಇವರೇ. ಲ್ಯಾಂಟರ್ನ್‌ನ ಚಿಕ್ಕ ಚಿತ್ರದಲ್ಲಿ ಮುಖ ಕಾಣುವುದಿಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಆ ಪುಟವನ್ನು ದೊಡ್ಡದು ಮಾಡಿ ನೋಡಿ.