ಬೇಸಿಗೆಯ ಬಿಜಾಪುರಕ್ಕೆ ಯಾವ ಜೋಡು? ಬೂಟು, ಹವಾಯಿ, ಪಟ್ಟಿ ಸ್ಯಾಂಡಲ್, ಅಥಣಿ ಚಪ್ಪಲಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಅಥಣಿ ಚಪ್ಪಲಿಗೆ. 2,800 ರೂಪಾಯಿ ಸುರಿದು ಬೂಟು ತಗೊಂಡು ಕೈ ಸುಟ್ಟುಕೊಂಡವನು ನಾನು. ಕೈ ಅಲ್ಲ, ಕಾಲು. ಹಾಗಾಗಿ ಬೂಟಿಗೆ ಬೈಗುಳ ಸ್ವಲ್ಪ ಜಾಸ್ತಿ ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರತಿ ಮೇ ತಿಂಗಳು ಬೆಂಗಳೂರಿನಿಂದ ಅಕ್ಕನ ಮನೆಯವರು ಬರುತ್ತಾರೆ, ಊರು ತೋರಿಸುವ ಕೆಲಸ ನನ್ನ ಪಾಲಿಗೆ. ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಇಬ್ರಾಹಿಂ ರೋಜಾ, ನಡುವೆ ಹೆಚ್ಚೆಂದರೆ ನಾಲ್ಕು ಕಿಲೋಮೀಟರ್. ಆಟೋ ಹತ್ತಿದರೆ ಎರಡನ್ನೂ ನೋಡಿ ಊಟಕ್ಕೆ ಮುಂಚೆ ಮನೆಗೆ ಬರಬಹುದು, ಆದರೆ ನಡುವಿನ ಜುಮ್ಮಾ ಮಸೀದಿ, ಗಗನ ಮಹಲ್, ಬಾರಾ ಕಮಾನ್, ಉಪ್ಪಲಿ ಬುರುಜು ಎಲ್ಲ ಆಟೋದ ಪಕ್ಕದಲ್ಲೇ ಸರಿದು ಹೋಗುತ್ತವೆ. ಅದಕ್ಕೇ ನಾವು ನಡೆಯುತ್ತೇವೆ. ಬೆಳಿಗ್ಗೆ ಆರಕ್ಕೆ ಹೊರಡೋಣ ಅಂದರೆ ರಾತ್ರಿ ಎಲ್ಲರೂ ಹೂಂ ಅನ್ನುತ್ತಾರೆ. ಬೆಳಗಾದರೆ ಉಪ್ಪಿಟ್ಟು, ಚಹಾ ಮುಗಿಯುವಷ್ಟರಲ್ಲಿ ಎಂಟೂವರೆ. ಅಷ್ಟು ಹೊತ್ತಿಗೆ ನಮ್ಮೂರ ಬಿಸಿಲು ಕೆಲಸ ಶುರು ಮಾಡಿರುತ್ತದೆ.

ಇದು 1490ರಿಂದ 1686ರವರೆಗೆ ಆದಿಲಶಾಹಿಗಳ ರಾಜಧಾನಿ. ಅಂದರೆ ಇಲ್ಲಿ ನೋಡುವುದು ಹೆಚ್ಚಾಗಿ ಗೋರಿ, ಮಸೀದಿ, ದರ್ಗಾ. ಅಂದರೆ ಜೋಡು ಬಿಚ್ಚುವ ಜಾಗಗಳು! ಬೂಟು ಕೊಳ್ಳುವಾಗ ನನಗೆ ಇದೊಂದು ಹೊಳೆಯಲೇ ಇಲ್ಲ. ಅಂಗಡಿಯವನು ಅಡಿ ಬಗ್ಗಿಸಿ ತೋರಿಸಿದ, ಒಳಗಿನ ಮೆತ್ತೆ ಒತ್ತಿ ತೋರಿಸಿದ, ನಾನು ತಲೆ ಆಡಿಸಿದೆ. ನಡೆಯುವಾಗ ಅದು ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ. ತೊಂದರೆ ನಿಂತಾಗ.

ಗೋಳಗುಮ್ಮಟದಲ್ಲಿ ಮೊದಲ ಸಲ ಬಿಚ್ಚಿದೆ. ಲೇಸಿಗೆ ಎರಡು ಗಂಟು ಹಾಕುವ ಚಟ ನನಗೆ. ಬಗ್ಗಿ, ಬಿಚ್ಚಿ, ಕಾಲುಚೀಲವನ್ನು ಬೂಟಿನೊಳಗೆ ತುರುಕಿ ಏಳುವಷ್ಟರಲ್ಲಿ ಸೋದರಳಿಯ ಒಳಗೆ ಹೋಗಿ ಎರಡು ಸಲ ಕೂಗಿ ಬಂದಿದ್ದ. ಮೂಲೆಯ ಗೋಪುರದ ಮೆಟ್ಟಿಲು ಇಕ್ಕಟ್ಟು, ಕಡಿದು, ಆದರೆ ತಂಪು. ಏಳು ಅಂತಸ್ತು ಹತ್ತಿ ಗುಮ್ಮಟದ ಸುತ್ತಲಿನ ಬಯಲು ಮಾಳಿಗೆಗೆ ಕಾಲಿಟ್ಟೆವು ನೋಡಿ, ರೊಟ್ಟಿ ಹಂಚೇ ಅದು. ಅಲ್ಲಿಂದ ಒಳಗಿನ ಗ್ಯಾಲರಿಗೆ ಹತ್ತೇ ಹೆಜ್ಜೆ, ಆ ಹತ್ತನ್ನೂ ಎಲ್ಲರೂ ಕುಣಿದುಕೊಂಡೇ ದಾಟಿದರು. ಆಚೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಈಚೆ ಕೇಳಿಸುವ ಜಾಗ ಅಲ್ವಾ, ಅಳಿಯ ಅಷ್ಟು ದೂರದಿಂದ ಪಿಸುಗುಟ್ಟಿದ್ದು ನನ್ನ ಕಿವಿಯಲ್ಲೇ ಹೇಳಿದಂತೆ ಬಂತು: "ಮಾಮಾ, ಕಾಲು ಸುಡ್ತಿದೆ." ಕಾಲುಚೀಲ ಕೆಳಗೆ ಬೂಟಿನಲ್ಲಿತ್ತು.

ಇಳಿದು ಬಂದರೆ ಬೂಟು ಇಟ್ಟ ಕಡೆ ನೆರಳು ಸರಿದು ಹೋಗಿದೆ. ಒಳಗೆ ಕಾಲು ಇಟ್ಟೆ, ಈಗಷ್ಟೇ ಇಳಿಸಿದ ಕುಕ್ಕರ್ ಮುಚ್ಚಳ ತೆಗೆದ ಹಾಗೆ ಕಾವು. ಅಂಗಾಲಿಗೆ ಅಂಟಿದ ಉಸುಕನ್ನು ಒರೆಸದೆ ಚೀಲ ಹಾಕಿಕೊಂಡಿದ್ದೆ, ಜುಮ್ಮಾ ಮಸೀದಿ ಮುಟ್ಟುವಷ್ಟರಲ್ಲಿ ಹಿಮ್ಮಡಿ ಹತ್ತಿರ ಒಂದು ಗುಳ್ಳೆ. ಅಲ್ಲಿ ಮತ್ತೆ ಬಿಚ್ಚು. ಮಸೀದಿಯ ಒಳಗೆ 2,250 ಜನ ನಮಾಜಿಗೆ ನಿಲ್ಲುವಂತೆ ನೆಲದಲ್ಲಿ ಚೌಕಗಳಿವೆ, ತಣ್ಣಗಿರುತ್ತವೆ, ಕೂತರೆ ಏಳಲು ಮನಸ್ಸಾಗುವುದಿಲ್ಲ. ಆದರೆ ಅಲ್ಲಿಗೆ ಹೋಗಲು ಅಂಗಳ ದಾಟಬೇಕು. ಹನ್ನೊಂದರ ಬಿಸಿಲಲ್ಲಿ ಆ ಅಂಗಳದ ಕಲ್ಲು ಹೇಗಿರುತ್ತದೆ ಅಂತ ಬರೆದು ತಿಳಿಸಲು ಆಗದು, ಅಕ್ಕ ಸೆರಗು ಎತ್ತಿಕೊಂಡು ಓಡಿದ್ದನ್ನು ನೀವು ನೋಡಬೇಕಿತ್ತು. ಇಬ್ರಾಹಿಂ ರೋಜಾದಲ್ಲಿ ಮತ್ತೊಂದು ಸಲ ಲೇಸು ಬಿಚ್ಚುತ್ತಾ ಕೂತಿದ್ದೆ, ಪಕ್ಕದಲ್ಲಿದ್ದ ಅಜ್ಜ ಕೇಳಿದ, "ಸಾಹೇಬ್ರ, ಕಟ್ಟಾಕತ್ತೀರೋ ಬಿಚ್ಚಾಕತ್ತೀರೋ?"

ಹವಾಯಿ ಚಪ್ಪಲಿ ಮರುವರ್ಷ ಹಾಕಿ ನೋಡಿದೆ. ಬಿಚ್ಚುವುದು ಸುಲಭ, ಬೆಲೆ ಏನೂ ಅಲ್ಲ. ಆದರೆ ಡಾಂಬರಿನ ಕಾವು ರಬ್ಬರ್ ದಾಟಿ ಮೇಲೆ ಬರುತ್ತದೆ, ಬಿಸಿಲಲ್ಲಿ ಬಿಟ್ಟು ಬಂದರೆ ಅದೇ ಇನ್ನೊಂದು ಹಂಚು. ಬಾರಾ ಕಮಾನ್ ಹತ್ತಿರ ಉಂಗುಷ್ಠದ ಬಾರು ಕಿತ್ತುಬಂತು. ಮನೆವರೆಗೆ ಪಿನ್ನು ಚುಚ್ಚಿಕೊಂಡು ಬಂದೆ.

ಪಟ್ಟಿ ಸ್ಯಾಂಡಲ್ ಭಾವ ಹಾಕುತ್ತಾರೆ. ನಿಜ ಹೇಳಬೇಕೆಂದರೆ ಹೊಸಬರಿಗೆ ಅದೇ ಒಳ್ಳೆಯದು. ಹಿಡಿತ ಚೆನ್ನಾಗಿದೆ, ಉಪ್ಪಲಿ ಬುರುಜಿನ ಹೊರಗಿನ ಸುತ್ತು ಮೆಟ್ಟಿಲಲ್ಲಿ ಭಾವ ಧೈರ್ಯವಾಗಿ ಹತ್ತಿದರು, ನಾನು ಗೋಡೆ ಹಿಡಿದುಕೊಂಡೆ. ನನಗೆ ಆ ಕರ್‍ರ್ ಅಂತ ಪಟ್ಟಿ ಕಿತ್ತುವ ಸದ್ದು ಆಗಿಬರುವುದಿಲ್ಲ, ಅಷ್ಟೇ. ಬೆವರಿಗೆ ವಾಸನೆಯೂ ಹಿಡಿಯುತ್ತದೆ.

ಇನ್ನು ನನ್ನ ಅಥಣಿ ಜೋಡು. ಜನ ಕೊಲ್ಹಾಪುರಿ ಅನ್ನುತ್ತಾರೆ, ಮಾಡುವವರು ನಮ್ಮ ಕಡೆಯೂ ಇದ್ದಾರೆ. 2019ರಲ್ಲಿ ಅದಕ್ಕೆ ಜಿಐ ಗುರುತು (ಇದು ಇಂಥ ಸೀಮೆಯದೇ ಮಾಲು ಅಂತ ಸರ್ಕಾರ ಕೊಡುವ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ನಾನು ಕೊಟ್ಟಿದ್ದು 850 ರೂಪಾಯಿ. ದಪ್ಪ ತೊಗಲು, ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ನೆಲದ ಕಾವು ಮೇಲೆ ಬರಲು ಬಿಡುವುದಿಲ್ಲ. ಬಿಸಿಲಲ್ಲಿ ಬಿಟ್ಟು ಹೋದರೂ ರಬ್ಬರಿನಷ್ಟು ಸುಡುವುದಿಲ್ಲ. ಬಗ್ಗುವ ಕೆಲಸವಂತೂ ಇಲ್ಲವೇ ಇಲ್ಲ, ಕಾಲು ಜಾಡಿಸಿದರೆ ಬಿಚ್ಚಿತು, ತೂರಿಸಿದರೆ ಹಾಕಿತು.

ಮೊದಲ ವಾರ ಕಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹೆಬ್ಬೆರಳಿನ ಉಂಗುರಕ್ಕೆ ರಾತ್ರಿ ಔಡಲ ಎಣ್ಣೆ ಸವರಿ, ಮನೆಯೊಳಗೇ ನಾಲ್ಕು ದಿನ ಓಡಾಡಿ. ಹೊಸದನ್ನು ಹಾಕಿಕೊಂಡು ಸೀದಾ ಗೋಳಗುಮ್ಮಟಕ್ಕೆ ಹೋದರೆ ನನ್ನನ್ನು ಬೈಯಬೇಡಿ. ಮಳೆಗೂ ಆಗದು. ಮೇ ಸಂಜೆ ಗುಡುಗು ಕೇಳಿಸಿದರೆ ಕೈಯಲ್ಲಿ ಹಿಡಿದು ಬರುವವನು ನಾನು.

ಜೋಡು ಯಾವುದೇ ಇರಲಿ, ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಕಿಸೆಯಲ್ಲಿ ಇರಲಿ. ಜುಮ್ಮಾ ಮಸೀದಿ ಅಂಗಳಕ್ಕೆ, ಗುಮ್ಮಟದ ಮಾಳಿಗೆಗೆ. ಗೋಪುರದ ಮೆಟ್ಟಿಲಲ್ಲಿ ಮಾತ್ರ ಹಾಕಬೇಡಿ, ಸವೆದ ಕಲ್ಲು, ಜಾರುತ್ತದೆ.

ಬೂಟು ಈಗ ಅಳಿಯನದ್ದು. ಒಂದು ಸೈಜು ದೊಡ್ಡದು, ಮುಂದೆ ಪೇಪರ್ ತುರುಕಿಕೊಂಡು ಕ್ರಿಕೆಟ್ ಆಡುತ್ತಾನಂತೆ.