ನವರಾತ್ರಿಯ ವಾರದಲ್ಲಿ ಬಿಲ್ಲಿಂಗ್ ತಂತ್ರಾಂಶ ಬದಲಿಸಿ ಕೆಟ್ಟೆವು

ಮಂಗಳೂರಿನ ರಥಬೀದಿಯ ಸಮೀಪ ನಾನೂ ನನ್ನ ಭಾವನೂ ಸೇರಿ ದಿನಸಿ ಅಂಗಡಿ ನಡೆಸುತ್ತಿದ್ದೇವೆ. ಅಂಗಡಿಯ ಹಳೆಯ ಕಂಪ್ಯೂಟರುಗಳನ್ನು ಬದಲಿಸಲು 2025ರ ಸೆಪ್ಟೆಂಬರಿನಲ್ಲಿ ಹೊರಟು ನಾವು ಪಟ್ಟ ಪಾಡನ್ನು, ಅಂಥದೇ ಕಂಪ್ಯೂಟರುಗಳ ಮುಂದೆ ಕುಳಿತಿರುವ ಅಂಗಡಿಯವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಎರಡು ಕೌಂಟರುಗಳಲ್ಲಿ ಇದ್ದುದು ವಿಂಡೋಸ್ 7. ಬಿಲ್ಲಿಂಗ್ ತಂತ್ರಾಂಶವು ವ್ಯಾಟ್ ಕಾಲದಲ್ಲಿ ಪರಿಚಯದವರೊಬ್ಬರು ಬರೆದುಕೊಟ್ಟದ್ದು. 2017ರಲ್ಲಿ ಜಿಎಸ್‌ಟಿ ಬಂದಾಗ ಅದಕ್ಕೇ ತೇಪೆ ಹಾಕಿಸಿಕೊಂಡಿದ್ದೆವು. ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ 2020ರ ಜನವರಿ 14ರಂದೇ ನಿಂತಿತ್ತು. ಲೆಕ್ಕ ಬರೆಯುವವರು ಪ್ರತಿ ವರ್ಷ ನೆನಪಿಸುತ್ತಿದ್ದರು, ಭಾವ ಪ್ರತಿ ವರ್ಷ "ಬಿಲ್ಲು ಬರುತ್ತದಲ್ಲ ಮಾರಾಯ, ಮತ್ತೆಂತ?" ಎನ್ನುತ್ತಿದ್ದರು. ನನಗೂ ಅದೇ ಸರಿ ಎನಿಸುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಹೊಸ ದರಗಳನ್ನು ಪ್ರಕಟಿಸಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ತೆರಿಗೆ ಶೇ. 18ರಿಂದ 5ಕ್ಕೂ, ತುಪ್ಪ, ಬೆಣ್ಣೆಗಳದ್ದು ಶೇ. 12ರಿಂದ 5ಕ್ಕೂ ಇಳಿಯಿತು. ಜಾರಿಯಾಗುವ ದಿನ ಸೆಪ್ಟೆಂಬರ್ 22, ಅಂದರೆ ನವರಾತ್ರಿಯ ಮೊದಲ ದಿನ; ಕುದ್ರೋಳಿಯ ದಸರಾಕ್ಕೆ ಊರಿಡೀ ಜನ ತುಂಬುವ ಹೊತ್ತು.

ದರವನ್ನು ಬದಲಿಸುವುದು ಕಷ್ಟವಾಗಲಿಲ್ಲ, ಎಡವಟ್ಟು ಗೊತ್ತಾದದ್ದು ಬದಲಿಸಿದ ಮೇಲೆ. ನಮ್ಮ ತಂತ್ರಾಂಶದಲ್ಲಿ ತೆರಿಗೆ ದರ ಇರುತ್ತಿದ್ದುದು ವಸ್ತುವಿನ ಪಟ್ಟಿಯಲ್ಲಿ ಮಾತ್ರ. ಆಯಾ ದಿನದ ಬಿಲ್ಲಿನೊಳಗೆ ಅದು ಉಳಿಯುತ್ತಿರಲಿಲ್ಲ. ಹಾಗಾಗಿ ಆಗಸ್ಟಿನಲ್ಲಿ 118 ರೂಪಾಯಿಗೆ ಮಾರಿ 18 ರೂಪಾಯಿ ತೆರಿಗೆ ವಸೂಲು ಮಾಡಿದ್ದ ಸೋಪಿನ ಬಿಲ್ಲನ್ನು ಮತ್ತೆ ತೆಗೆದರೆ, ತೆರಿಗೆ 5 ರೂಪಾಯಿ 62 ಪೈಸೆ ಎಂದು ತೋರಿಸಿತು. ಸೆಪ್ಟೆಂಬರ್ ತಿಂಗಳ ಮೊದಲ 21 ದಿನಗಳ ಮಾರಾಟವೆಲ್ಲ ಹೊಸ ದರಕ್ಕೆ ತಿರುಗಿ ಕುಳಿತಿತ್ತು, ಆ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಸಲ್ಲಿಸಲು ಅಕ್ಟೋಬರ್ 11 ಕೊನೆಯ ದಿನ. ತಂತ್ರಾಂಶ ಬರೆದುಕೊಟ್ಟವರು ಗಲ್ಫಿಗೆ ಹೋಗಿ ವರ್ಷಗಳಾಗಿದ್ದವು, ಡೇಟಾಬೇಸಿನ ಪಾಸ್‌ವರ್ಡ್ ನಮ್ಮಲ್ಲಿರಲಿಲ್ಲ.

ಗಾಬರಿಯಲ್ಲಿ ಅದೇ ವಾರ ಹೊಸ ತಂತ್ರಾಂಶ ಕೊಂಡೆವು. ಮಾರಿದವರು "ಎಲ್ಲ ಡೇಟಾ ಎರಡು ಗಂಟೆಯಲ್ಲಿ ಬರುತ್ತದೆ" ಎಂದಿದ್ದರು. ಬಂದದ್ದು ವಸ್ತುಗಳ ಪಟ್ಟಿ ಮಾತ್ರ, ಅದೂ ಹೊಸ ತಂತ್ರಾಂಶಕ್ಕೆ ಓದಲಾಗದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದ್ದರಿಂದ ಕುಚ್ಚಲಕ್ಕಿ, ಉದ್ದಿನ ಬೇಳೆಗಳೆಲ್ಲ ಅರ್ಥವಾಗದ ಚಿಹ್ನೆಗಳಾಗಿ ಮುದ್ರಣಗೊಂಡವು. ಹೋಟೆಲಿನವರ ಉದ್ರಿ ಬಾಕಿಯನ್ನು ಹಳೆಯ ಪರದೆ ನೋಡಿಕೊಂಡು ರಾತ್ರಿ ಹನ್ನೆರಡರವರೆಗೆ ಕೈಯಿಂದ ತುಂಬಿದೆವು. ತಕ್ಕಡಿಯ ಕೇಬಲಿಗೆ ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಆ ಕಂಪ್ಯೂಟರುಗಳಾದರೂ ಎಂಥವು? ಅಗ್ಗಕ್ಕೆ ಸಿಕ್ಕಿತೆಂದು ಕೊಂಡ, ದುರಸ್ತಿ ಮಾಡಿ ಮಾರುವ ವಿಂಡೋಸ್ 10ರವು. ಅದಕ್ಕೆ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯುವುದಿತ್ತು, ಪ್ರೊಸೆಸರ್ ಹಳೆಯದಾದ್ದರಿಂದ ವಿಂಡೋಸ್ 11 ಅದರ ಮೇಲೆ ಕೂರುವುದಿಲ್ಲ. ಮೂರು ವಾರವೂ ತುಂಬುವ ಮೊದಲೇ ನಾವು ಮತ್ತೆ ಹೊರಟಲ್ಲಿಗೇ ಬಂದಿದ್ದೆವು.

ಈ ಕೆಲಸವನ್ನು ಆಟಿ ತಿಂಗಳಲ್ಲಿ, ಮಳೆಗೆ ವ್ಯಾಪಾರ ತಣ್ಣಗಿದ್ದಾಗ ಮಾಡಬಹುದಿತ್ತು. ಒಂದು ಕೌಂಟರಿನಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಎಂದು ಹದಿನೈದು ದಿನ ನಡೆಸಿ, ಸಂಜೆ ಎರಡರ ಲೆಕ್ಕವನ್ನೂ ತಾಳೆ ನೋಡಿದ್ದರೆ ಈ ಹುಳುಕುಗಳೆಲ್ಲ ಆಗಲೇ ಹೊರಬೀಳುತ್ತಿದ್ದವು. ಕೊಳ್ಳುವ ಮೊದಲು ಮಾರುವವರಿಗೆ ನಿಮ್ಮದೇ ಹಳೆಯ ಡೇಟಾದ ಪ್ರತಿ ಕೊಟ್ಟು, ಅದರಿಂದ ಒಂದು ತಿಂಗಳ ಬಿಲ್ಲುಗಳನ್ನೂ ಒಬ್ಬ ಗಿರಾಕಿಯ ಬಾಕಿಯನ್ನೂ ಹೊಸ ಪರದೆಯಲ್ಲಿ ತೋರಿಸಲು ಹೇಳಿ. ತೋರಿಸುವವರೆಗೆ ಮುಂಗಡ ಕೊಡಬೇಡಿ. ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಬ್ಯಾಕಪ್ ಇದೆ ಎಂದು ನಂಬಿ ಕೂರದೆ, ಅದನ್ನು ಬೇರೊಂದು ಯಂತ್ರದಲ್ಲಿ ಒಮ್ಮೆ ತೆರೆದು ನೋಡಿ.

ಹಳೆಯ ಕಂಪ್ಯೂಟರನ್ನು ನಾವಿನ್ನೂ ಎಸೆದಿಲ್ಲ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಬೇಕು, ನಮ್ಮ ಹಳೆಯ ಬಿಲ್ಲುಗಳು ತೆರೆಯುವುದು ಅದೊಂದರಲ್ಲೇ. ಕಡಲ ಗಾಳಿಗೆ ತುಕ್ಕು ಹಿಡಿಯದಿರಲೆಂದು ಗೋದಾಮಿನಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟಿದ್ದೇವೆ. ಪ್ರತಿ ಶನಿವಾರ ಭಾವನೇ ಹೋಗಿ ಅದನ್ನು ಹತ್ತು ನಿಮಿಷ ಚಾಲೂ ಮಾಡಿ ಬರುತ್ತಾರೆ.