ಕೋಳಿ, ಕುರಿ, ಮೀನು: ಕೆಂಚನ ಬಟ್ಟಲಿನಲ್ಲಿ ಉಳಿದದ್ದು ಯಾವುದು?

ನಮ್ಮ ನಾಯಿ ಕೆಂಚನಿಗೆ ಮೂರು ಬಗೆಯ ಡ್ರೈ ಫುಡ್ ಹಾಕಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಉಳಿದದ್ದು ಮೀನಿನ ಚೀಲ. ಕೋಳಿಯದನ್ನು ದುಡ್ಡು ಕೊಟ್ಟ ತಪ್ಪಿಗೆ ಮುಗಿಸಿದೆವು. ಕುರಿಯದು ಪಕ್ಕದ ಮನೆ ನಾಯಿಯ ಪಾಲಾಯಿತು.

ಕೆಂಚನಿಗೆ ಐದು ವರ್ಷ, 18 ಕೆಜಿ. ಸದಾ ಕಿವಿ ಕೆರೆದುಕೊಳ್ಳುತ್ತಿದ್ದ. ಗೋಧಿ, ಜೋಳ ಇವನಿಗೆ ಆಗಲ್ಲ ಅಂತ ನಾನೇ ತೀರ್ಮಾನ ಮಾಡಿ, ಧಾನ್ಯವಿಲ್ಲದ ಡ್ರೈ ಫುಡ್ ಹುಡುಕಿದೆ. ಚೀಲದ ಮೇಲೆ ಪ್ರೋಟೀನ್ 38% ಅಂತ ದಪ್ಪಕ್ಷರ ಕಂಡಿದ್ದೇ ತಡ, ಕೋಳಿಯದನ್ನು ಎತ್ತಿಕೊಂಡು ಬಂದೆ. ಎಂಟು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿದೆ.

ಆದರೂ ಭೇದಿ. ಕಕ್ಕ ಎತ್ತಲೂ ಬಾರದಷ್ಟು ಮೆತ್ತಗೆ. ಹೊಟ್ಟೆ ಕೆಟ್ಟ ನಾಯಿ ಇಳಿಯಬೇಕು ತಾನೇ? ಇವನು ಐದು ವಾರದಲ್ಲಿ 19.4 ಕೆಜಿ ಆದ. ಬಟಾಣಿ ಬೈದೆ, ಕಂಪನಿ ಬೈದೆ, ಗುಟ್ಟಾಗಿ ಬಿಸ್ಕತ್ತು ಹಾಕುತ್ತಿದ್ದೀರಾ ಅಂತ ಮನೆಯವರನ್ನೂ ಬೈದೆ.

ತಪ್ಪು ಮಾಡಿದ್ದು ನನ್ನ ಕಪ್. ಹಳೆಯದರಲ್ಲಿ ದಿನಕ್ಕೆ ಮೂರು ಕಪ್ ಹಾಕುತ್ತಿದ್ದೆ, ಹೊಸದರಲ್ಲೂ ಅಷ್ಟೇ ಹಾಕಿದೆ. ಒಂದು ದಿನ ಸುಮ್ನೆ ಅಡುಗೆ ಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. ಹಳೆಯದು ಕಪ್ಪಿಗೆ 95 ಗ್ರಾಂ. ಹೊಸದರ ಕಾಳು ಚಿಕ್ಕದು, ಒತ್ತಾಗಿ ಕೂರುತ್ತದೆ, 128 ಗ್ರಾಂ! 100 ಗ್ರಾಮಿಗೆ ಹಳೆಯದರಲ್ಲಿ 360 ಕ್ಯಾಲೊರಿ, ಇದರಲ್ಲಿ 410. ಗುಣಿಸಿ ನೋಡಿದರೆ ಪ್ರತಿ ಕಪ್ಪಿನಲ್ಲೂ ಒಂದೂವರೆ ಪಟ್ಟು ಊಟ. ನಾಯಿಗೆ ದಿನವೂ ಮದುವೆ ಮನೆ.

ಎರಡು ಕಪ್ಪಿಗೆ ಇಳಿಸಿದ ಮೇಲೆ ಕಕ್ಕ ಗಟ್ಟಿಯಾಯಿತು. ಆದರೆ ಬಟ್ಟಲು ಖಾಲಿ ಮಾಡಿ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದ. ಗ್ಯಾಸ್ ಮಾತ್ರ ಹೋಗಲಿಲ್ಲ. ಆಗ ಚೀಲದ ಹಿಂಬದಿ ಓದಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ತಾಜಾ ಕೋಳಿ, ನಿಜ. ಆದರೆ ಆ ಪಟ್ಟಿಯಲ್ಲಿ ಜಾಸ್ತಿ ತೂಗುವುದು ಮೊದಲು ಬರುತ್ತದೆ, ಅದೂ ಬೇಯಿಸುವ ಮುಂಚಿನ ತೂಕ; ತಾಜಾ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಅದರ ಹಿಂದೆ ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ಪಿಷ್ಟ ಅಂತ ಮೂರು ವೇಷದಲ್ಲಿ ಒಂದೇ ಕಾಳು. ಅಂದರೆ 38ರಲ್ಲಿ ಒಂದಷ್ಟು ಬಟಾಣಿಯದೇ, ಅಲ್ವಾ?

ಕುರಿಯದು ದೊಡ್ಡ ಕಲ್ಲಿನಂಥ ಕಾಳು. ಎರಡು ಅಗಿದು ಎದ್ದು ಹೋದ.

ಮೀನಿನದರಲ್ಲಿ ಪ್ರೋಟೀನ್ 32%. ವಯಸ್ಕ ನಾಯಿಗೆ ಆಫ್ಕೋ (ಸಾಕುಪ್ರಾಣಿ ಆಹಾರಕ್ಕೆ ಮಾನದಂಡ ಹೇಳುವ ಅಮೆರಿಕದ ಸಂಘ) ಹೇಳುವ ಕನಿಷ್ಠವೇ ತೇವಾಂಶ ಕಳೆದು 18%, ಹಾಗಾಗಿ ಇದು ಧಾರಾಳ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಒಣಗಿಸಿದ ಮೀನಿನ ಪುಡಿ, ಆಮೇಲೆ ಸಿಹಿಗೆಣಸು. ಬಟಾಣಿ ಒಂದೇ ಸಲ, ಅದೂ ಕೆಳಗೆ. ಕೈಗೆ ವಾಸನೆ ಅಂಟುತ್ತದೆ, ಸೋಪು ಹಾಕಿ ಎರಡು ಸಲ ತೊಳೆಯಬೇಕು. ಬೆಲೆ ಕೋಳಿಯದಕ್ಕಿಂತ ಜಾಸ್ತಿಯೇ. ಕಿವಿ ಕೆರೆತ ಕಡಿಮೆಯಾಯಿತು. ವೈದ್ಯರು ನಕ್ಕು, ನಾಯಿಗಳಿಗೆ ಧಾನ್ಯಕ್ಕಿಂತ ದನದ ಮಾಂಸ, ಹಾಲು, ಕೋಳಿ ಒಗ್ಗದಿರುವುದೇ ಜಾಸ್ತಿ ಅಂದರು. ಧಾನ್ಯದ ಮೇಲಿನ ನನ್ನ ಸಂಶಯ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತೂ ಅವರೇ ಹೇಳಿದ್ದು. ಧಾನ್ಯವಿಲ್ಲದ, ಬಟಾಣಿ ಬೇಳೆ ತುಂಬಿದ ಆಹಾರಕ್ಕೂ ನಾಯಿಗಳ ಹೃದಯದ ಸ್ನಾಯು ಸೊರಗುವ ಡಿಸಿಎಂ ಕಾಯಿಲೆಗೂ ನಂಟಿದೆಯೇ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು. ಇದೇ ಕಾರಣ ಅಂತ ಸಾಬೀತಾಗಿಲ್ಲ. ಆದರೂ ಪಟ್ಟಿಯಲ್ಲಿ ಬಟಾಣಿ ಮೇಲೆ ಬಂದರೆ ಆ ಚೀಲವನ್ನು ನಾನು ಮುಟ್ಟುವುದಿಲ್ಲ. ಮೀನಿನದರಲ್ಲೇ ಅನ್ನ ಇರುವ ಬಗೆ ಸಿಕ್ಕರೆ ಅದನ್ನೂ ನೋಡುವ ಮನಸ್ಸಿದೆ.

ಈಗ ದಿನಕ್ಕೆ 270 ಗ್ರಾಂ, ತೂಗಿಯೇ ಹಾಕುವುದು. ಆರು ಕೆಜಿ ಚೀಲ ಮೂರು ವಾರಕ್ಕೆ ಬರುತ್ತದೆ. ದೊಡ್ಡದು ತಂದರೆ ಅಗ್ಗ, ಆದರೆ ತೆರೆದಿಟ್ಟ ಚೀಲದಲ್ಲಿ ಕೊಬ್ಬು ಕಮಟುತ್ತದೆ. ಕೆಂಚ ಮೊನ್ನೆ 18.1.